ಬೇರೆಯವರ ತಪ್ಪು ಎಣಿಸುತ್ತಾ ಕಳೆದ ಆರು ವರ್ಷ

ಪಿಎಚ್‌ಡಿಯ ಎರಡನೇ ವರ್ಷದಲ್ಲಿ ಯಾರಾದರೂ "ಏನು ಮಾಡ್ತಿದ್ದೀರಿ?" ಅಂತ ಕೇಳಿದರೆ "ಮೆದುಳಿನ ಮೇಲೆ ಸಂಶೋಧನೆ" ಅನ್ನುತ್ತಿದ್ದೆ. ಕೇಳಿದವರ ಹುಬ್ಬು ಮೇಲೇರುತ್ತಿತ್ತು. ಆ ವರ್ಷ ನಾನು ನಿಜವಾಗಿ ಮಾಡಿದ್ದು ಜನರ ತಲೆಗೆ ಜೆಲ್ ಹಾಕುವುದು, ಆಮೇಲೆ ಆ ಜೆಲ್ ಮೆತ್ತಿದ ಟೋಪಿ ತೊಳೆಯುವುದು. ಮೆದುಳಿನ ವಿದ್ಯುತ್ ಅಲೆಗಳನ್ನು ತಲೆಯ ಮೇಲಿಂದಲೇ ಎಲೆಕ್ಟ್ರೋಡ್ ಇಟ್ಟು ದಾಖಲಿಸುವ ಇಇಜಿ ಟೋಪಿ ಅದು. ಒಂದೊಂದು ಎಲೆಕ್ಟ್ರೋಡ್‌ನ ತೂತಿಗೂ ಹಲ್ಲುಜ್ಜುವ ಬ್ರಶ್ ಹಾಕಿ ತಿಕ್ಕಬೇಕು. ಚೂರು ಜೆಲ್ ಒಳಗೇ ಒಣಗಿ ಉಳಿದರೂ ಮರುದಿನದ ರೆಕಾರ್ಡಿಂಗ್ ಕೆಡುತ್ತದೆ. ಸಿಂಕ್ ಮುಂದೆ ನಿಂತು ಕಳೆದ ಗಂಟೆಗಳನ್ನು ಲೆಕ್ಕ ಹಾಕಿದರೆ ಥೀಸಿಸ್ ಬರೆದದ್ದಕ್ಕಿಂತ ಕಡಿಮೆಯೇನಿಲ್ಲ.

ಮೊದಲಿಂದ ಹೇಳುತ್ತೇನೆ.

ಸೇರಿದಾಗ ನನ್ನ ಪ್ರಪೋಸಲ್ ಇಪ್ಪತ್ತು ಪುಟ ಇತ್ತು. ಅದರಲ್ಲಿ ನೆನಪು, ನಿದ್ದೆ, ಗಮನ, ಭಾವನೆ ಎಲ್ಲವೂ ಇತ್ತು. ಅರಿವು ಅಂದರೇನು ಅನ್ನೋದಕ್ಕೂ ಅರ್ಧ ಪುಟ ಎತ್ತಿಟ್ಟಿದ್ದೆ. ನನ್ನ ಗೈಡ್ ಅದನ್ನು ಪೆನ್ಸಿಲ್ ಹಿಡಿದು ಓದಿದರು. ಪುಟದ ಮೇಲೆ ಪುಟ ಅಡ್ಡಗೆರೆ ಬೀಳುತ್ತಾ ಹೋಯಿತು. ಹದಿನಾರನೇ ಪುಟದ ಒಂದು ಪ್ಯಾರಾ ಮಾತ್ರ ಉಳಿಯಿತು. "ಇದೊಂದು ಇರಲಿ. ಇದನ್ನೇ ಸರಿಯಾಗಿ ಮಾಡಿದರೆ ಆರು ವರ್ಷ ಸಾಲಲ್ಲ" ಅಂದರು. ಬೇಜಾರಾಯಿತು, ಸುಳ್ಳು ಹೇಳಲ್ಲ. ಆರು ವರ್ಷ ಸಾಲಲ್ಲ ಅನ್ನೋದು ಬರೀ ಮಾತಿಗೆ ಹೇಳಿದ್ದು ಅಂದುಕೊಂಡಿದ್ದೆ.

ಉಳಿದ ಆ ಪ್ಯಾರಾ ತಪ್ಪುಗಳ ಬಗ್ಗೆ. ಟೈಪ್ ಮಾಡುವಾಗ ತಪ್ಪು ಅಕ್ಷರ ಒತ್ತುತ್ತೀರಿ. ಪರದೆ ನೋಡುವ ಮೊದಲೇ, ಬೆರಳು ಇನ್ನೂ ಕೀ ಮೇಲಿರುವಾಗಲೇ "ಅಯ್ಯೋ" ಅನ್ನಿಸುತ್ತದಲ್ವಾ? ಆ "ಅಯ್ಯೋ"ಗೆ ಮೆದುಳಿನಲ್ಲಿ ಒಂದು ಗುರುತು ಇದೆ. 1990ರ ಆಸುಪಾಸಿನಲ್ಲಿ ಜರ್ಮನಿಯಲ್ಲಿ ಮೈಕೆಲ್ ಫಾಲ್ಕೆನ್‌ಸ್ಟೈನ್ ಅವರ ತಂಡ, ಅಮೆರಿಕದಲ್ಲಿ ವಿಲಿಯಂ ಗೇರಿಂಗ್ ಅವರ ತಂಡ ಅದನ್ನು ಬೇರೆ ಬೇರೆಯಾಗಿಯೇ ಕಂಡುಕೊಂಡವು. ತಪ್ಪು ಬಟನ್ ಒತ್ತಿದ ಮೇಲೆ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ, ನೆತ್ತಿಗಿಂತ ಸ್ವಲ್ಪ ಮುಂದಿರುವ ಎಲೆಕ್ಟ್ರೋಡ್‌ಗಳಲ್ಲಿ ಋಣ ದಿಕ್ಕಿಗೆ ಒಂದು ಚೂಪು ಅಲೆ ಕಾಣುತ್ತದೆ. ಅದನ್ನು ಇಆರ್‌ಎನ್ (ಎರರ್ ರಿಲೇಟೆಡ್ ನೆಗೆಟಿವಿಟಿ, ಅಂದರೆ ತಪ್ಪಿಗೆ ಸಂಬಂಧಿಸಿದ ಋಣ ಅಲೆ) ಅಂತ ಕರೆಯುತ್ತಾರೆ. ನಾವು ಲ್ಯಾಬ್‌ನಲ್ಲಿ ಅಯ್ಯೋ ಅಲೆ ಅನ್ನುತ್ತಿದ್ದೆವು. ಇಲ್ಲೂ ಹಾಗೇ ಅನ್ನುತ್ತೇನೆ.

ನನ್ನ ಪ್ರಶ್ನೆ ಇಷ್ಟೇ. ಸದಾ ಚಿಂತೆ ಮಾಡುವವರಲ್ಲಿ ಈ ಅಲೆ ದೊಡ್ಡದಿರುತ್ತದಾ? ಇರುತ್ತದೆ ಅಂತ ಆಗಲೇ ಹಲವು ಪೇಪರ್‌ಗಳು ಹೇಳಿದ್ದವು. ಆದರೆ ಬಹಳಷ್ಟರಲ್ಲಿ ಇಪ್ಪತ್ತು, ಮೂವತ್ತು ಜನರಷ್ಟೇ ಇದ್ದರು. ಜಾಸ್ತಿ ಜನರನ್ನು ಕೂರಿಸಿ ನೋಡೋಣ ಅನ್ನೋದು ನಮ್ಮ ಯೋಜನೆ. ಕೇಳಲು ಎಷ್ಟು ಸಲೀಸು!

ಎಷ್ಟು ಜನ ಬೇಕು? ಇದಕ್ಕೊಂದು ಲೆಕ್ಕವಿದೆ. ಎರಡು ಸಂಗತಿಗಳ ನಡುವೆ 0.3 ಅಷ್ಟು ಸಹಸಂಬಂಧ (ಸೊನ್ನೆ ಅಂದರೆ ಸಂಬಂಧವೇ ಇಲ್ಲ, 1 ಅಂದರೆ ಪೂರ್ತಿ ಸಂಬಂಧ) ನಿಜಕ್ಕೂ ಇದೆ ಅಂದುಕೊಳ್ಳಿ. ಅದು ನಮ್ಮ ಕಣ್ಣಿಗೆ ಬೀಳುವ ಸಾಧ್ಯತೆ ಶೇಕಡ 80 ಇರಬೇಕಾದರೆ ಸುಮಾರು 85 ಜನ ಬೇಕು. ಅದೇ ಸಂಬಂಧ 0.2 ಆಗಿದ್ದರೆ ಹೆಚ್ಚುಕಮ್ಮಿ 200 ಜನ. ಒಬ್ಬರಿಗೆ ಅರ್ಧ ದಿನ ಹಿಡಿಯುವ ಪ್ರಯೋಗದಲ್ಲಿ 200 ಅನ್ನೋದು ಆಕಾಶಕ್ಕೆ ಏಣಿ ಹಾಕಿದಂತೆ. 90 ಜನ ಅಂತ ತೀರ್ಮಾನಿಸಿದೆವು.

ಎಥಿಕ್ಸ್ ಕಮಿಟಿಯ ಅನುಮತಿಗೆ ನಾಲ್ಕು ತಿಂಗಳು ಹೋಯಿತು. ಅದನ್ನು ಬೈಯುವುದು ಸಂಶೋಧನಾ ವಿದ್ಯಾರ್ಥಿಗಳಿಗೆ ಒಂದು ಚಟ, ನಾನೂ ಬೈದಿದ್ದೇನೆ. ಆದರೆ ಅವರು ಕೇಳಿದ ಒಂದು ಪ್ರಶ್ನೆಗೆ ನನ್ನ ಹತ್ತಿರ ಉತ್ತರವೇ ಇರಲಿಲ್ಲ. ಚಿಂತೆ ಅಳೆಯಲು ನಾವು ಪೆನ್ ಸ್ಟೇಟ್ ವರಿ ಪ್ರಶ್ನಾವಳಿ ಬಳಸುತ್ತಿದ್ದೆವು. ಅದರಲ್ಲಿ 16 ಹೇಳಿಕೆ, ಒಂದೊಂದಕ್ಕೂ 1ರಿಂದ 5 ಅಂಕ. ಕಮಿಟಿಯವರು ಕೇಳಿದರು: "ಒಬ್ಬರು ಬಂದು 80ಕ್ಕೆ 78 ತೆಗೆದುಕೊಂಡರು ಅಂತಿಟ್ಟುಕೊಳ್ಳಿ. ನೀವು ಅವರ ತಲೆ ತೊಳೆಸಿ, ಥ್ಯಾಂಕ್ಸ್ ಹೇಳಿ ಕಳಿಸಿಬಿಡ್ತೀರಾ?" ನನ್ನ ಅರ್ಜಿಯಲ್ಲಿ ಬರೆದಿದ್ದು ಅಕ್ಷರಶಃ ಅಷ್ಟೇ ಆಗಿತ್ತು. ಆಮೇಲೆ ಕೂತು ಒಂದು ಕ್ರಮ ಬರೆದೆವು. ಅಂಕ ಇಷ್ಟು ದಾಟಿದರೆ ಯಾರು ಮಾತಾಡಬೇಕು, ಆಪ್ತಸಮಾಲೋಚಕರ ವಿವರ ಹೇಗೆ ಕೊಡಬೇಕು, ಯಾವ ಮಾತು ಆಡಬಾರದು, ಎಲ್ಲ. ಮುಂದೆ ಅದು ಮೂರು ಸಲ ಬೇಕಾಯಿತು.

ಇನ್ನು ಪ್ರಯೋಗ. ಪರದೆ ಮೇಲೆ ಐದು ಬಾಣ ಬರುತ್ತವೆ. ನಡುವಿನ ಬಾಣ ಯಾವ ಕಡೆ ನೋಡುತ್ತಿದೆಯೋ ಆ ಕಡೆಯ ಬಟನ್ ಒತ್ತಬೇಕು. ಅಕ್ಕಪಕ್ಕದ ನಾಲ್ಕು ಬಾಣ ಕೆಲವೊಮ್ಮೆ ಅದರ ಜೊತೆಗೇ ಇರುತ್ತವೆ, ಕೆಲವೊಮ್ಮೆ ಉಲ್ಟಾ. ಉಲ್ಟಾ ಇದ್ದಾಗ ಕೈ ತಪ್ಪುತ್ತದೆ. ಬಾರ್ಬರಾ ಮತ್ತು ಚಾರ್ಲ್ಸ್ ಎರಿಕ್ಸನ್ 1974ರಲ್ಲಿ ಇದನ್ನು ಅಕ್ಷರಗಳಲ್ಲಿ ಮಾಡಿದ್ದರು. ಬಾಣದ ರೂಪ ಆಮೇಲೆ ಬಂತು. ಸಣ್ಣ ಮಕ್ಕಳ ಆಟದ ಹಾಗೆ ಕಾಣುತ್ತದೆ. ಐವತ್ತು ಸಲ ಮಾಡುವವರೆಗೆ ಆಟ, ಐನೂರು ಸಲ ಮಾಡುವಾಗ ಶಿಕ್ಷೆ.

ಒಂದು ದಿನದ ಕೆಲಸ ಹೇಗಿರುತ್ತಿತ್ತು ಅಂದರೆ, ಬಂದವರನ್ನು ಕೂರಿಸಿ, ಒಪ್ಪಿಗೆ ಪತ್ರ ಓದಿಸಿ, ತಲೆಯ ಸುತ್ತಳತೆ ತೆಗೆಯುತ್ತಿದ್ದೆ. ಮೂಗಿನ ಬುಡದಿಂದ ತಲೆಯ ಹಿಂಭಾಗದ ಗಂಟಿನವರೆಗೆ ಟೇಪ್ ಹಿಡಿದು, ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಹಿಡಿದು, ಎರಡೂ ಸೇರುವ ಜಾಗಕ್ಕೆ ಒಂದು ಚುಕ್ಕೆ. ಅಲ್ಲಿಗೆ ಟೋಪಿಯ ನಡು ಎಲೆಕ್ಟ್ರೋಡ್ ಬರಬೇಕು. ಆಮೇಲೆ ಮೊಂಡು ತುದಿಯ ಸಿರಿಂಜ್. ಅದು ಚುಚ್ಚುವುದಿಲ್ಲ, ಆದರೂ ಸಿರಿಂಜ್ ಕಂಡ ಕೂಡಲೇ ಎಲ್ಲರೂ ಒಮ್ಮೆ ಹಿಂದೆ ಸರಿಯುತ್ತಾರೆ. ಎಲೆಕ್ಟ್ರೋಡ್‌ನ ತೂತಿನಲ್ಲಿ ತುದಿ ಇಟ್ಟು, ಕೂದಲನ್ನು ಪಕ್ಕಕ್ಕೆ ಸರಿಸಿ, ಚರ್ಮವನ್ನು ಮೆಲ್ಲಗೆ ಉಜ್ಜಿ, ಒಂದು ಹನಿ ಜೆಲ್. ಪರದೆ ಮೇಲೆ ಆ ಎಲೆಕ್ಟ್ರೋಡ್‌ನ ಬಣ್ಣ ಕೆಂಪಿನಿಂದ ಹಳದಿಗೆ, ಹಳದಿಯಿಂದ ಹಸಿರಿಗೆ ತಿರುಗಬೇಕು. ಹೀಗೆ 32. ದಟ್ಟ ಕೂದಲು, ಗುಂಗುರು ಕೂದಲು ಇದ್ದರೆ ಒಂದು ಗಂಟೆಯೂ ಆಗುತ್ತಿತ್ತು. ಅಂಥ ಕೂದಲನ್ನು ಈ ಟೋಪಿ ಮಾಡಿದವರು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಸಿಗ್ನಲ್ ಸರಿಯಿಲ್ಲ ಅಂತ ಅವರ ಡೇಟಾ ಬಿಡುತ್ತಾ ಹೋದರೆ ಕೊನೆಗೆ ಯಾರ ಮೆದುಳಿನ ಬಗ್ಗೆ ಮಾತಾಡುತ್ತಿದ್ದೇವೆ ಅನ್ನೋದೇ ಬದಲಾಗುತ್ತದೆ. ನಾನು ಯಾರನ್ನೂ ಕೂದಲಿನ ಕಾರಣಕ್ಕೆ ವಾಪಸ್ ಕಳಿಸಲಿಲ್ಲ. ಅದಕ್ಕೇ ಸಂಜೆಗಳು ಹೋದವು.

ಎಲ್ಲ ಹಸಿರಾದ ಮೇಲೆ ಪರದೆಯನ್ನು ಅವರ ಕಡೆ ತಿರುಗಿಸಿ "ಕಣ್ಣು ಮಿಟುಕಿಸಿ" ಅನ್ನುತ್ತಿದ್ದೆ. ಗೆರೆಗಳು ಧಡ್ ಅಂತ ಮೇಲೆ ಹಾರುತ್ತವೆ. "ಹಲ್ಲು ಕಚ್ಚಿ" ಅಂದರೆ ಇಡೀ ಪರದೆ ಕಪ್ಪಗಾಗುತ್ತದೆ. ಆಮೇಲೆ ಕಣ್ಣು ಮುಚ್ಚಲು ಹೇಳಿ, ತಲೆಯ ಹಿಂಭಾಗದ ಗೆರೆಗಳಲ್ಲಿ ಸೆಕೆಂಡಿಗೆ ಹತ್ತರಂತೆ ಒಂದೇ ಸಮ ಏರಿಳಿಯುವ ಅಲೆಯನ್ನು ರೆಕಾರ್ಡ್ ಮಾಡಿ, ಕಣ್ಣು ಬಿಟ್ಟ ಮೇಲೆ ತೋರಿಸುತ್ತಿದ್ದೆ. ಇದು ಆಲ್ಫಾ. ಹಾನ್ಸ್ ಬರ್ಗರ್ 1929ರಲ್ಲಿ ಮನುಷ್ಯರ ಇಇಜಿ ಬಗ್ಗೆ ಮೊದಲ ಸಲ ಪ್ರಕಟಿಸಿದಾಗ ಬರೆದದ್ದೂ ಇದರ ಬಗ್ಗೆಯೇ. ಆ ಪುಣ್ಯಾತ್ಮ ಹುಡುಕಲು ಹೊರಟದ್ದು ಒಬ್ಬರ ಮನಸ್ಸಿನ ಮಾತು ದೂರದಲ್ಲಿರುವ ಇನ್ನೊಬ್ಬರಿಗೆ ಹೇಗೆ ತಲುಪುತ್ತದೆ ಅನ್ನೋದನ್ನು. ಅದು ಸಿಗಲಿಲ್ಲ, ಇದು ಸಿಕ್ಕಿತು.

ಹೀಗೆ ಕಣ್ಣು ಮಿಟುಕಿಸಿ ತೋರಿಸುವುದು ಬರೀ ಮನರಂಜನೆಗಲ್ಲ. ಒಂದು ಮಿಟುಕು ನೂರಕ್ಕೂ ಹೆಚ್ಚು ಮೈಕ್ರೋವೋಲ್ಟ್ ಏರಬಹುದು. ನಾನು ಹುಡುಕುತ್ತಿದ್ದ ಅಯ್ಯೋ ಅಲೆ ಹತ್ತು ಮೈಕ್ರೋವೋಲ್ಟ್ ಇದ್ದರೆ ಅದೇ ದೊಡ್ಡದು. ಜಾತ್ರೆಯ ಗದ್ದಲದಲ್ಲಿ ಯಾರೋ ಪಿಸುಗುಟ್ಟಿದ್ದನ್ನು ಕೇಳಿಸಿಕೊಳ್ಳುವ ಕೆಲಸ. ಅದನ್ನು ಕಣ್ಣಾರೆ ಕಂಡ ಮೇಲೆ "ಕಡಿಮೆ ಮಿಟುಕಿಸಿ" ಅಂದರೆ ಜನ ಕೇಳುತ್ತಾರೆ. ಸುಮ್ನೆ ಹೇಳಿದರೆ ಕೇಳುವುದಿಲ್ಲ.

ಟೋಪಿ ತೆಗೆಯುವಾಗ ಬಹಳ ಜನ ಒಂದೇ ಮಾತು ಕೇಳುತ್ತಿದ್ದರು. "ನನ್ನ ಮೆದುಳು ಚೆನ್ನಾಗಿದೆಯಾ?" ನಗುತ್ತಲೇ ಕೇಳುತ್ತಾರೆ, ಆದರೆ ಉತ್ತರಕ್ಕೆ ಕಾಯುತ್ತಾರೆ. ನಾನು ಡಾಕ್ಟರ್ ಅಲ್ಲ, ಇದು ತಪಾಸಣೆ ಅಲ್ಲ, ಇದರಿಂದ ಕಾಯಿಲೆ ಇದೆ ಇಲ್ಲ ಅಂತ ಹೇಳಲಾಗದು ಅಂತ ಒಪ್ಪಿಗೆ ಪತ್ರದಲ್ಲೇ ಬರೆದಿತ್ತು. ಅದನ್ನೇ ಮತ್ತೆ ಹೇಳುತ್ತಿದ್ದೆ. ಒಬ್ಬರು ಹಿರಿಯರು "ಸರಿ, ಆದ್ರೂ ನಿಮ್ಮ ಮುಖ ನೋಡಿದ್ರೆ ಪರವಾಗಿಲ್ಲ ಅನ್ಸುತ್ತೆ" ಅಂದು ಎದ್ದು ಹೋದರು. ಅವತ್ತಿಂದ ರೆಕಾರ್ಡಿಂಗ್ ನಡೆಯುವಾಗ ಮುಖ ಗಂಟಿಕ್ಕುವುದನ್ನು ಬಿಟ್ಟೆ.

ಮೊದಲ ತಿಂಗಳಲ್ಲಿ ಯೋಚನೆಯೇ ಮಾಡಿರದ ಒಂದು ತೊಂದರೆ ಎದುರಾಯಿತು. ಜನ ತಪ್ಪು ಮಾಡಲಿಲ್ಲ! ನನಗೆ ಬೇಕಾದದ್ದೇ ಅವರ ತಪ್ಪು. ಆರೆಂಟು ತಪ್ಪಾದರೂ ಇಲ್ಲದಿದ್ದರೆ ಸರಾಸರಿ ತೆಗೆದಾಗ ಅಲೆ ನಿಲ್ಲುವುದಿಲ್ಲ. ಒಬ್ಬಾಕೆ 480 ಸಲ ಒತ್ತಿ ಎರಡೇ ಎರಡು ತಪ್ಪು ಮಾಡಿದರು. ಮುಗಿದ ಮೇಲೆ "ಹೇಗೆ ಮಾಡಿದೆ?" ಅಂತ ಹೆಮ್ಮೆಯಿಂದ ಕೇಳಿದರು. "ತುಂಬಾ ಚೆನ್ನಾಗಿ" ಅಂದೆ. ಆ ಫೈಲ್ ಯಾವ ಲೆಕ್ಕಕ್ಕೂ ಬರಲಿಲ್ಲ.

ಇದಕ್ಕೆ ಮದ್ದು ಹಳೆಯದೇ. ಪ್ರತಿ ಸುತ್ತಿನ ಕೊನೆಗೆ ಸರಿ ಉತ್ತರ ಶೇಕಡ 90 ದಾಟಿದರೆ ಪರದೆ ಮೇಲೆ "ಇನ್ನೂ ಬೇಗ ಒತ್ತಿ" ಅಂತ ಬರುತ್ತದೆ. 75ಕ್ಕಿಂತ ಕೆಳಗಿಳಿದರೆ "ಇನ್ನೂ ಸರಿಯಾಗಿ ಒತ್ತಿ". ಆಗ ತಪ್ಪುಗಳು ಹದಕ್ಕೆ ಬರುತ್ತವೆ. ಆದರೆ ಅತಿ ಚಿಂತೆಯವರಲ್ಲಿ ಕೆಲವರು "ಬೇಗ ಒತ್ತಿ" ಅಂತ ಎಷ್ಟು ಸಲ ಬಂದರೂ ತಮ್ಮ ನಿಧಾನ ಬಿಡುತ್ತಿರಲಿಲ್ಲ. ತಪ್ಪಾಗುವುದಕ್ಕಿಂತ ನಿಧಾನ ಅನ್ನಿಸಿಕೊಳ್ಳುವುದೇ ವಾಸಿ ಅಂತ ಅವರ ಲೆಕ್ಕ. ಯಾರನ್ನು ಅಳೆಯಲು ಹೊರಟಿದ್ದೇನೋ ಅವರೇ ಕೈತಪ್ಪಿ ಹೋಗುತ್ತಿದ್ದರು.

ಎರಡನೇ ವರ್ಷದ ಕೊನೆಗೆ 58 ಜನರ ಡೇಟಾ ಇತ್ತು. ಸುಮ್ನೆ ಒಮ್ಮೆ ಇಣುಕಿ ನೋಡೋಣ ಅಂತ ಗ್ರಾಫ್ ಹಾಕಿದೆ. ಹಾಗೆ ನಡುವೆ ಇಣುಕುವುದೇ ತಪ್ಪು ಅನ್ನೋದು ಆಗ ಗೊತ್ತಿರಲಿಲ್ಲ ಅಂತಲ್ಲ, ಗೊತ್ತಿದ್ದೂ ಇಣುಕಿದೆ. ಚಿಂತೆ ಕಡಿಮೆ ಇರುವವರ ಅಲೆ ಗಿಡ್ಡ. ಚಿಂತೆ ಜಾಸ್ತಿ ಇರುವವರ ಅಲೆ ಎತ್ತರ. ಪೇಪರ್‌ಗಳಲ್ಲಿ ಹೇಳಿದ್ದಂತೆಯೇ! ಆ ರಾತ್ರಿ ನಿದ್ದೆ ಬರಲಿಲ್ಲ. ತಲೆಯಲ್ಲೇ ಪೇಪರ್‌ನ ಶೀರ್ಷಿಕೆ ಬರೆದೆ. ಯಾವ ಜರ್ನಲ್‌ಗೆ ಕಳಿಸುವುದು ಅಂತಲೂ ಯೋಚಿಸಿದೆ.

ವಾರದ ಮೀಟಿಂಗ್‌ನಲ್ಲಿ ಗ್ರಾಫ್ ತೋರಿಸಿದೆ. ಎಲ್ಲರೂ ಖುಷಿಪಟ್ಟರು. ಲ್ಯಾಬ್‌ನ ಸೀನಿಯರ್ ಒಬ್ಬರು ಮಾತ್ರ ಪರದೆಯ ಹತ್ತಿರ ಹೋಗಿ ಬೆರಳಿಟ್ಟು ನೋಡುತ್ತಾ ನಿಂತರು. "ಇದು ಗಿಡ್ಡ ಇದೆ, ಸರಿ. ಆದರೆ ಅಗಲ ನೋಡು."

ನೋಡಿದೆ. ಚಿಂತೆ ಕಡಿಮೆ ಇದ್ದವರ ಅಲೆ ಗಿಡ್ಡ ಅಷ್ಟೇ ಅಲ್ಲ, ಅಗಲವೂ ಇತ್ತು. ಚೂಪಾಗಿರಬೇಕಾದ ತುದಿ ಒದ್ದೆ ಬೆರಳಲ್ಲಿ ಒರೆಸಿದ ಹಾಗೆ ಹರಡಿಕೊಂಡಿತ್ತು.

"ಇದು ಸಣ್ಣ ಅಲೆ ಅಲ್ಲ. ಮಸುಕಾದ ಅಲೆ" ಅಂದರು ಅವರು.

ಈ ಮಾತಿನ ಅರ್ಥ ಸ್ವಲ್ಪ ಬಿಡಿಸಿ ಹೇಳಬೇಕು. ಒಂದೇ ತಪ್ಪಿನ ಅಲೆ ಬರಿಗಣ್ಣಿಗೆ ಕಾಣುವುದು ಕಷ್ಟ. ನಲವತ್ತು ತಪ್ಪುಗಳ ತುಣುಕುಗಳನ್ನು ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆದರೆ ಗದ್ದಲ ಕರಗಿ ಅಲೆ ಉಳಿಯುತ್ತದೆ. ಒಂದರ ಮೇಲೊಂದು ಇಡುವಾಗ ಎಲ್ಲ ತುಣುಕೂ ಬಟನ್ ಒತ್ತಿದ ಕ್ಷಣಕ್ಕೇ ಸರಿಯಾಗಿ ಕೂರಬೇಕು. ಆ ಕ್ಷಣವನ್ನು ಇಇಜಿ ಫೈಲಿನಲ್ಲಿ ಗುರುತು ಹಾಕುವುದು ಟ್ರಿಗರ್ ಅನ್ನುವ ಒಂದು ಪುಟ್ಟ ಸಂಕೇತ. ಟ್ರಿಗರ್ ಒಮ್ಮೆ ಬೇಗ, ಒಮ್ಮೆ ತಡವಾಗಿ ಬಿದ್ದರೆ ತುಣುಕುಗಳು ಆಚೀಚೆ ಜಾರುತ್ತವೆ. ಅಂಥದ್ದರ ಸರಾಸರಿ ತೆಗೆದರೆ ಎತ್ತರ ತಗ್ಗುತ್ತದೆ, ಅಗಲ ಹಿಗ್ಗುತ್ತದೆ. ಮೆದುಳು ಸರಿಯಾಗಿಯೇ "ಅಯ್ಯೋ" ಅಂದಿರುತ್ತದೆ, ನಾವು ಅದನ್ನು ಒರೆಸಿ ಹಾಕಿರುತ್ತೇವೆ.

ನನ್ನ ಎದೆ ಧಸಕ್ಕೆಂದಿತು. ಏಕೆಂದರೆ ಲ್ಯಾಬ್ ಪುಸ್ತಕದಲ್ಲಿ ನಾನೇ ಬರೆದ ಒಂದು ಸಾಲು ನೆನಪಾಯಿತು. 23ನೇ ಅಭ್ಯರ್ಥಿ ಆದ ಮೇಲೆ ಬರೆದದ್ದು: "ಕೀಬೋರ್ಡ್ ಬದಲು ಬಟನ್ ಬಾಕ್ಸ್ ಬಂತು. ಚೆನ್ನಾಗಿದೆ."

ಮೊದಲ 23 ಜನ ಬಳಸಿದ್ದು ತಂತಿ ಇಲ್ಲದ ಒಂದು ಹಳೆಯ ಕೀಬೋರ್ಡ್. ಆಮೇಲಿನವರು ಬಳಸಿದ್ದು ಪ್ರಯೋಗಕ್ಕೆಂದೇ ಮಾಡಿದ ಬಟನ್ ಬಾಕ್ಸ್. ಸರಿ, ಅದರಿಂದ ಎಲ್ಲರ ಡೇಟಾ ಸ್ವಲ್ಪ ಏರುಪೇರಾಗಬೇಕು. ಒಂದೇ ಗುಂಪು ಯಾಕೆ ಮಸುಕಾಗಬೇಕು? ಉತ್ತರ ಹುಡುಕಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಶುರುವಿನಲ್ಲಿ ತಾವಾಗಿಯೇ ಬಂದವರು ಸ್ನೇಹಿತರು, ಸ್ನೇಹಿತರ ಸ್ನೇಹಿತರು, ಹೊಸದೇನಿದ್ದರೂ ಮುನ್ನುಗ್ಗುವ ಜನ. ಅವರಲ್ಲಿ ಬಹಳಷ್ಟು ಜನರ ಚಿಂತೆಯ ಅಂಕ ಕಡಿಮೆ. ಚಿಂತೆ ಜಾಸ್ತಿ ಇರುವವರು ಸಾಲುತ್ತಿಲ್ಲ ಅಂತ ಗೊತ್ತಾದ ಮೇಲೆ ನಾನು ಹುಡುಕಿ ಹುಡುಕಿ ಅಂಥವರನ್ನೇ ಕರೆದೆ. ಅಷ್ಟು ಹೊತ್ತಿಗೆ ಬಟನ್ ಬಾಕ್ಸ್ ಬಂದಿತ್ತು. ಅಂದರೆ ನನ್ನ ಗ್ರಾಫ್‌ನಲ್ಲಿ ಕಂಡದ್ದು ನಿಶ್ಚಿಂತರು ಮತ್ತು ಚಿಂತಿತರ ನಡುವಿನ ವ್ಯತ್ಯಾಸ ಅಲ್ಲದೇ ಇರಬಹುದು. ಕೀಬೋರ್ಡ್ ಮತ್ತು ಬಟನ್ ಬಾಕ್ಸ್ ನಡುವಿನದ್ದಾಗಿರಬಹುದು.

ಖಾತ್ರಿ ಮಾಡಿಕೊಳ್ಳಲು ಎರಡು ದಿನ ಹಿಡಿಯಿತು. ಕಪಾಟಿನಿಂದ ಹಳೆಯ ಕೀಬೋರ್ಡ್ ತೆಗೆದು, ಅದರ ಕೀ ಪಕ್ಕಕ್ಕೆ ಒಂದು ಚಿಕ್ಕ ಮೈಕ್ ಅಂಟಿಸಿ, ಆ ಮೈಕಿನ ತಂತಿಯನ್ನು ಇಇಜಿ ಯಂತ್ರದ ಖಾಲಿ ಚಾನೆಲ್‌ಗೆ ಸಿಕ್ಕಿಸಿದೆವು. ಈಗ ಕೀ ಒತ್ತಿದ ಟಕ್ ಶಬ್ದವೂ, ಟ್ರಿಗರ್ ಕೂಡ ಒಂದೇ ಫೈಲಿನಲ್ಲಿ. ಎರಡರ ನಡುವೆ ಎಷ್ಟು ಅಂತರ ಅಂತ ಅಳೆದರೆ ಆಯಿತು. ನಾನು ಒಂದೇ ಕೀಯನ್ನು ಮುನ್ನೂರು ಸಲ ಒತ್ತಿದೆ. ಅಂತರ ಒಮ್ಮೆ 20 ಮಿಲಿಸೆಕೆಂಡ್, ಒಮ್ಮೆ 50, ಒಮ್ಮೆ 90. ಯಾವ ಲಯವೂ ಇಲ್ಲ. ಕೀಬೋರ್ಡ್ ತನ್ನ ಪಾಲು ತಡ ಮಾಡುತ್ತಿತ್ತು. ಜೊತೆಗೆ ನಾನು ಬರೆದ ಪ್ರೋಗ್ರಾಂ ಪರದೆ ಹೊಸದಾಗಿ ಮೂಡಿದಾಗ ಮಾತ್ರ, ಅಂದರೆ ಸೆಕೆಂಡಿಗೆ 60 ಸಲ, ಕೀ ಒತ್ತಿದ್ದಾರಾ ಅಂತ ನೋಡುತ್ತಿತ್ತು. ಅಲ್ಲೇ ಇನ್ನೊಂದು 16 ಮಿಲಿಸೆಕೆಂಡ್ ಆಚೀಚೆ. ಬಟನ್ ಬಾಕ್ಸ್ ತನ್ನ ಟ್ರಿಗರ್ ತಾನೇ ಕಳಿಸುತ್ತದೆ, ಅದರಲ್ಲಿ ಅಂತರ ಒಂದೆರಡು ಮಿಲಿಸೆಕೆಂಡ್ ದಾಟಲಿಲ್ಲ.

ತಡ ಯಾವಾಗಲೂ ಒಂದೇ ಆಗಿದ್ದರೆ ಕಳೆದುಬಿಡಬಹುದಿತ್ತು. ಇದು ಪ್ರತಿ ಸಲ ಬೇರೆ. ಯಾವ ತಪ್ಪಿಗೆ ಎಷ್ಟು ತಡವಾಗಿತ್ತು ಅಂತ ಇನ್ನು ಯಾರಿಗೂ ಗೊತ್ತಾಗುವಂತಿಲ್ಲ. 23 ಜನ, 23 ಅರ್ಧ ದಿನ, ತೊಳೆದ 23 ಟೋಪಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಬಟನ್ ಬಾಕ್ಸ್ ಬಳಸಿದ 35 ಜನರನ್ನು ಮಾತ್ರ ಇಟ್ಟುಕೊಂಡು ಮತ್ತೆ ಗ್ರಾಫ್ ಹಾಕಿದೆ. ನನ್ನ ಪೇಪರ್‌ನ ಶೀರ್ಷಿಕೆ ಮಾಯವಾಗಿತ್ತು.

ಈ ಹಂತದಲ್ಲಿ ನಾನು ಯೋಚಿಸಿದ್ದನ್ನು ಮುಚ್ಚಿಡದೆ ಹೇಳುತ್ತೇನೆ. 23 ಜನರನ್ನು ಬಿಟ್ಟರೆ ಸಂಬಂಧ ಇಲ್ಲ, ಇಟ್ಟುಕೊಂಡರೆ ಇದೆ. ಬೇರೆ ಫಿಲ್ಟರ್ ಹಾಕಿದರೆ? ಅಲೆಯನ್ನು ಬೇರೆ ಎಲೆಕ್ಟ್ರೋಡ್‌ನಲ್ಲಿ ಅಳೆದರೆ? ತುಂಬಾ ನಿಧಾನದವರನ್ನು ಕೈಬಿಟ್ಟರೆ? ಒಂದು ವಾರ ಇದನ್ನೆಲ್ಲ ಮಾಡಿಯೂ ನೋಡಿದೆ. ಹನ್ನೊಂದನೇ ಪ್ರಯತ್ನದಲ್ಲಿ ಪಿ ಮೌಲ್ಯ (ನಿಜವಾದ ಸಂಬಂಧ ಇಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಾಧ್ಯತೆ) 0.05ಕ್ಕಿಂತ ಕೆಳಗಿಳಿಯಿತು. ಅದರ ಕೆಳಗಿದ್ದರೆ ಸಂಬಂಧ "ಇದೆ" ಅನ್ನೋದು ವಾಡಿಕೆ. ಆ ಕ್ಷಣ ಖುಷಿಯಾದದ್ದು ನಿಜ. ಅದು ನನ್ನನ್ನು ಈಗಲೂ ಕಾಡುತ್ತದೆ.

ಈ ದಾರಿ ಎಲ್ಲಿಗೆ ಹೋಗುತ್ತದೆ ಅಂತ 2011ರಲ್ಲೇ ಜೋಸೆಫ್ ಸಿಮನ್ಸ್, ಲೀಫ್ ನೆಲ್ಸನ್, ಯೂರಿ ಸೈಮನ್‌ಸನ್ ಅನ್ನೋ ಮೂವರು ಸಂಶೋಧಕರು ತೋರಿಸಿಕೊಟ್ಟಿದ್ದರು. ಒಂದು ಹಾಡು ಕೇಳಿಸಿದರೆ ಜನರ ವಯಸ್ಸೇ ಒಂದೂವರೆ ವರ್ಷ ಕಡಿಮೆಯಾಗುತ್ತದೆ ಅಂತ ಅವರು ಸಂಖ್ಯಾಶಾಸ್ತ್ರದ ಪ್ರಕಾರ "ಸಾಬೀತು" ಮಾಡಿದರು. ಹಾಗೆ ಅನ್ನಿಸುತ್ತದೆ ಅಂತಲ್ಲ, ಹುಟ್ಟಿದ ದಿನಾಂಕದ ಲೆಕ್ಕದಲ್ಲೇ! ಎಲ್ಲೂ ಸುಳ್ಳು ಡೇಟಾ ಇಲ್ಲ. ಯಾರನ್ನು ಸೇರಿಸಬೇಕು, ಯಾವಾಗ ನಿಲ್ಲಿಸಬೇಕು, ಯಾವುದನ್ನು ವರದಿ ಮಾಡಬೇಕು ಅನ್ನೋದನ್ನು ಡೇಟಾ ನೋಡಿದ ಮೇಲೆ ತೀರ್ಮಾನಿಸಿದರು, ಅಷ್ಟೇ. ಇಂಥ ನಾಲ್ಕು ಸಡಿಲಿಕೆ ಸೇರಿದರೆ ಇಲ್ಲದ ಸಂಬಂಧ "ಇದೆ" ಅಂತ ಬರುವ ಸಾಧ್ಯತೆ ಶೇಕಡ 5ರಿಂದ 60ಕ್ಕೆ ಏರುತ್ತದೆ ಅಂತ ಲೆಕ್ಕ ಹಾಕಿದ್ದರು. ಅದನ್ನು ನಾನು ಮೊದಲ ವರ್ಷದಲ್ಲೇ ಓದಿ, ಸೆಮಿನಾರ್ ಬೇರೆ ಕೊಟ್ಟಿದ್ದೆ. ಸೆಮಿನಾರ್‌ನಲ್ಲಿ ಎಲ್ಲರೂ ನಕ್ಕಿದ್ದೆವು. ನಾವು ಹಾಗೆಲ್ಲ ಮಾಡುವವರಲ್ಲ ಅನ್ನೋ ಧೈರ್ಯದ ನಗು.

ಗೈಡ್ ಹತ್ತಿರ ಹೋಗಿ ಹನ್ನೊಂದೂ ಪ್ರಯತ್ನ ತೋರಿಸಿದೆ. "ಮೇಡಂ, ಇದೊಂದರಲ್ಲಿ ಬರ್ತಿದೆ" ಅಂದೆ. ಅವರು ಬೈಯಲಿಲ್ಲ. "ಉಳಿದ ಹತ್ತನ್ನೂ ಪೇಪರ್‌ನಲ್ಲಿ ಹಾಕ್ತೀಯಾ?" ಅಂತ ಕೇಳಿದರು. ನಾನು ಸುಮ್ಮನಾದೆ. "ಹಾಗಾದ್ರೆ ಹೊಸದಾಗಿ ಶುರು ಮಾಡು. ಈ ಸಲ ಮೊದಲೇ ಬರೆದಿಟ್ಟು."

ಮೊದಲೇ ಬರೆದಿಡುವುದು ಅಂದರೆ ಪ್ರೀರಿಜಿಸ್ಟ್ರೇಶನ್. ಪ್ರಶ್ನೆ ಏನು, ಎಷ್ಟು ಜನ, ಯಾರನ್ನು ಯಾವ ಕಾರಣಕ್ಕೆ ಕೈಬಿಡುತ್ತೇವೆ, ಯಾವ ಎಲೆಕ್ಟ್ರೋಡ್, ಎಷ್ಟರಿಂದ ಎಷ್ಟು ಮಿಲಿಸೆಕೆಂಡ್, ಯಾವ ಫಿಲ್ಟರ್ ಎಲ್ಲವನ್ನೂ ಡೇಟಾ ಬರುವ ಮೊದಲೇ ಬರೆದು, ದಿನಾಂಕ ಬಿದ್ದು ಬೀಗ ಬೀಳುವಂತೆ ಒಂದು ಜಾಲತಾಣದಲ್ಲಿ, ಅಂದರೆ ಓಪನ್ ಸೈನ್ಸ್ ಫ್ರೇಮ್‌ವರ್ಕ್‌ನಲ್ಲಿ ಹಾಕುವುದು. ಬರೆಯಲು ಆರು ವಾರ ಬೇಕಾಯಿತು. ಬರೆಯುವಾಗ ಒಂದು ವಿಷಯ ತಿಳಿಯಿತು. ಎರಡು ವರ್ಷ ಮಾಡಿದ ಪ್ರಯೋಗದಲ್ಲಿ "ತಪ್ಪು" ಅಂದರೇನು ಅಂತಲೇ ನಾನು ತೀರ್ಮಾನಿಸಿರಲಿಲ್ಲ. ತಪ್ಪು ಬಟನ್ ಒತ್ತಿ ಕೂಡಲೇ ಸರಿ ಬಟನ್ ಒತ್ತಿದರೆ ಅದು ತಪ್ಪಾ? ತುಂಬಾ ತಡವಾಗಿ ಒತ್ತಿದರೆ? ಎರಡನ್ನೂ ಒಟ್ಟಿಗೆ ಒತ್ತಿದರೆ? ಆ ದಿನದ ಮನಸ್ಸಿಗೆ ಬಂದಂತೆ ಮಾಡುತ್ತಿದ್ದೆ.

ಮೂರು ಮತ್ತು ನಾಲ್ಕನೇ ವರ್ಷ ಪೂರ್ತಿ ಟೋಪಿ, ಜೆಲ್, ಸಿಂಕ್. ಹೇಳಲು ಹೆಚ್ಚೇನಿಲ್ಲ. ಬೆಳಿಗ್ಗೆ ಮೊದಲ ಕೆಲಸ ಟ್ರಿಗರ್ ಪರೀಕ್ಷೆ. ಪರದೆಯ ಮೂಲೆಗೆ ಬೆಳಕು ಗುರುತಿಸುವ ಸೆನ್ಸರ್, ಬಟನ್ ಪಕ್ಕ ಮೈಕ್, ಇಪ್ಪತ್ತು ಸಲ ಒತ್ತಿ ನೋಡಿ ಪುಸ್ತಕದಲ್ಲಿ ಬರೆಯುವುದು. ಲ್ಯಾಬ್‌ನವರು ನನ್ನನ್ನು ನೋಡಿ ನಗುತ್ತಿದ್ದರು. ಮನೆಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುವವರ ಸಾಲಿಗೆ ನಾನೂ ಸೇರಿದ್ದೆ.

ಆ ಸಮಯದಲ್ಲಿ ನನ್ನ ಸ್ಥಿತಿಯೂ ಚೆನ್ನಾಗಿರಲಿಲ್ಲ. ಒಂದು ಮಧ್ಯಾಹ್ನ, ಅಭ್ಯರ್ಥಿ ಬರಲಿಲ್ಲ ಅಂತ ಖಾಲಿ ಕೂತಿದ್ದಾಗ ಅದೇ 16 ಹೇಳಿಕೆಗಳ ಹಾಳೆಯನ್ನು ನಾನೇ ತುಂಬಿದೆ. ಎಷ್ಟು ಬಂತು ಅಂತ ಬರೆಯಲ್ಲ. ನನ್ನದೇ ಕ್ರಮದ ಪ್ರಕಾರ ಆಪ್ತಸಮಾಲೋಚಕರ ವಿವರ ಇರುವ ಕಾಗದವನ್ನು ನನಗೆ ನಾನೇ ಕೊಟ್ಟುಕೊಳ್ಳಬೇಕಾಗಿತ್ತು. ಕೊಟ್ಟುಕೊಂಡೆ, ಹೋದೆ, ಎಂಟು ತಿಂಗಳು ಹೋಗುತ್ತಿದ್ದೆ. ಸಂಶೋಧನಾ ವಿದ್ಯಾರ್ಥಿಗಳಲ್ಲಿ ಆತಂಕ ಮತ್ತು ಖಿನ್ನತೆ ಸಾಮಾನ್ಯ ಜನರಿಗಿಂತ ಆರು ಪಟ್ಟು ಅಂತ 2018ರ ಒಂದು ಸಮೀಕ್ಷೆ ಹೇಳಿತ್ತು. ಅದನ್ನು ತುಂಬಿದವರು ತಾವಾಗಿ ಮುಂದೆ ಬಂದವರು, ಆದ್ದರಿಂದ ಆ ಆರು ಪಟ್ಟು ಅನ್ನೋದನ್ನು ಹಾಗೇ ನುಂಗಬೇಕಿಲ್ಲ ಅಂತ ನನ್ನ ವೃತ್ತಿಬುದ್ಧಿ ಕೂಡಲೇ ಹೇಳಿತು. ಆದರೆ ಮನಸ್ಸಿನ ವಿಜ್ಞಾನ ಓದಿದವರಿಗೆ ತಮ್ಮ ಮನಸ್ಸು ನೋಡಿಕೊಳ್ಳಲು ಬರುತ್ತದೆ ಅನ್ನೋದು ಶುದ್ಧ ಸುಳ್ಳು. ಹೆಸರು ಗೊತ್ತಿರುತ್ತದೆ, ಅಷ್ಟೇ.

ಕೊನೆಗೆ 104 ಜನರನ್ನು ಕೂರಿಸಿದೆವು. ಮೊದಲೇ ಬರೆದಿಟ್ಟ ನಿಯಮದಂತೆ ತಪ್ಪು ಸಾಲದವರು, ಸಿಗ್ನಲ್ ಕೆಟ್ಟವರು, ಅರ್ಧಕ್ಕೆ ನಿದ್ದೆ ಹೋದ ಇಬ್ಬರು ಬಿಟ್ಟು 91 ಜನ ಉಳಿದರು. ವಿಶ್ಲೇಷಣೆಯ ಕೋಡ್ ಮೊದಲೇ ಸಿದ್ಧವಿತ್ತು. ಒಂದು ಸಂಜೆ ಸೀನಿಯರ್, ಗೈಡ್, ನಾನು ಮೂವರೂ ಪರದೆ ಮುಂದೆ ಕೂತು ಅದನ್ನು ಓಡಿಸಿದೆವು. ನಾಲ್ಕು ನಿಮಿಷ ಓಡಿತು. ಅಯ್ಯೋ ಅಲೆ ಚೂಪಾಗಿ, ಅಚ್ಚುಕಟ್ಟಾಗಿ ಬಂದಿತ್ತು, ಅಷ್ಟು ಚೆಂದದ ಅಲೆಯನ್ನು ನಮ್ಮ ಲ್ಯಾಬ್ ಅಲ್ಲಿವರೆಗೆ ಕಂಡಿರಲಿಲ್ಲ. ಚಿಂತೆಯ ಜೊತೆ ಅದರ ಸಂಬಂಧ 0.09. ಸೊನ್ನೆಯಿಂದ ಬೇರೆ ಅಂತ ಹೇಳಲು ಸಾಲದು.

ಯಾರೂ ಮಾತಾಡಲಿಲ್ಲ. ಆಮೇಲೆ ಗೈಡ್ "ಅಲೆ ಎಷ್ಟು ಚೆನ್ನಾಗಿದೆ ನೋಡು" ಅಂದರು.

ಇಲ್ಲ ಅನ್ನೋ ಫಲಿತಾಂಶ ಪ್ರಕಟಿಸುವುದು ಕಷ್ಟ. ಒಂದು ಜರ್ನಲ್ ರಿವ್ಯೂಗೂ ಕಳಿಸದೆ ವಾಪಸ್ ಮಾಡಿತು. ಇನ್ನೊಂದು ಕಡೆ ಒಬ್ಬ ರಿವ್ಯೂವರ್ "ಲೇಖಕರಿಗೆ ಈ ಅಲೆ ಅಳೆಯುವ ಅನುಭವ ಇದ್ದಂತಿಲ್ಲ, ಅದಕ್ಕೇ ಸಂಬಂಧ ಕಂಡಿಲ್ಲ" ಅಂತ ಬರೆದರು. ಅವರಿಗೆ ಉತ್ತರವಾಗಿ ಮೈಕ್ ಅಂಟಿಸಿದ ಕೀಬೋರ್ಡ್‌ನ ಚಿತ್ರ, ಮುನ್ನೂರು ಸಲ ಒತ್ತಿದ ಲೆಕ್ಕ, ಮೊದಲ 23 ಜನರ ಮಸುಕು ಅಲೆ, ಎಲ್ಲವನ್ನೂ ಅನುಬಂಧವಾಗಿ ಸೇರಿಸಿದೆ. ಮುಖ್ಯ ಫಲಿತಾಂಶಕ್ಕಿಂತ ಆ ಅನುಬಂಧವನ್ನೇ ಜನ ಜಾಸ್ತಿ ಓದಿದ್ದಾರೆ. ಗೊತ್ತಿಲ್ಲದವರು ಇಮೇಲ್ ಮಾಡಿ ಮೈಕ್ ಎಲ್ಲಿ ಅಂಟಿಸಿದಿರಿ ಅಂತ ಕೇಳುತ್ತಾರೆ.

ಥೀಸಿಸ್ ಬರೆಯಲು ಒಂದು ವರ್ಷ. ಅದರ ಬಗ್ಗೆ ಹೇಳುವಂಥದ್ದಿಲ್ಲ, ಬರೆದೆ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಎರಡು ಗಂಟೆ ಪ್ರಶ್ನೆ ಕೇಳಿದರು. ಈ ಅಲೆ ಹುಟ್ಟುವ ಜಾಗ ಅನ್ನಲಾಗುವ ಆಂಟೀರಿಯರ್ ಸಿಂಗ್ಯುಲೇಟ್ ಅನ್ನೋ ಮೆದುಳಿನ ಭಾಗದ ಬಗ್ಗೆ, ಸರಾಸರಿಯ ಬದಲು ಒಂದೊಂದು ತಪ್ಪನ್ನೂ ಬೇರೆಯಾಗಿ ಯಾಕೆ ನೋಡಲಿಲ್ಲ ಅನ್ನೋದರ ಬಗ್ಗೆ, ಎಲ್ಲ ನಿರೀಕ್ಷಿಸಿದ್ದೇ. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು: "ಗಿಡ್ಡ ಅಲೆ ಚಿಂತೆ ಜಾಸ್ತಿ ಇರುವವರದ್ದಾಗಿ ಬಂದಿದ್ದರೆ, ಅಂದರೆ ನೀವು ಅಂದುಕೊಂಡಿದ್ದಕ್ಕೆ ಉಲ್ಟಾ ಬಂದಿದ್ದರೆ, ಕೀಬೋರ್ಡ್ ತಪ್ಪು ಎಷ್ಟು ದಿನದಲ್ಲಿ ಸಿಗುತ್ತಿತ್ತು?"

"ಅವತ್ತೇ ಸಂಜೆ" ಅಂದೆ.

ಅವರು ತಲೆಯಾಡಿಸಿ ಏನೋ ಬರೆದುಕೊಂಡರು. ಏನು ಬರೆದರು ಅಂತ ನನಗೆ ತೋರಿಸಲಿಲ್ಲ.